ಮದುವೆ ಬೇಡ, ನೀನು ಬೇಕು

ಹೂಗುಚ್ಛ ನೇರವಾಗಿ ತನ್ನ ಮುಖದ ಕಡೆಗೇ ಬರುತ್ತಿರುವುದನ್ನು ಕಂಡು ಟ್ಯಾಮ್ಸಿನ್ ಥಟ್ಟನೆ ಪಕ್ಕಕ್ಕೆ ಸರಿದಳು.

ಅದು ಅವಳ ಕಿವಿ ಸವರಿಕೊಂಡು ಹೋಗಿ, ಬಂದರಿನ ಕಟ್ಟೆ ದಾಟಿ ನೀರಿಗೆ ಬಿತ್ತು.

ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಹೂ ಎಸೆದ ಮೊರ್ವೆನ್ನಾ ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಏ ಹಕ್ಕಿ, ನಿನಗೇ ಅಂತ ಗುರಿಯಿಟ್ಟು ಎಸೆದಿದ್ದು ಕಣೇ. ಮದುಮಗಳ ಹೂ ಹಿಡಿದೋರಿಗೇ ಮುಂದಿನ ಮದುವೆ ಅಂತಾರೆ. ಸಿಡಿಲು ಬಡಿಯೋಕೆ ಬಂದ ಹಾಗೆ ಓಡ್ತೀಯಲ್ಲ?" ಎಂದಳು.

ಅರವತ್ತು ದಾಟಿದ ಮೊರ್ವೆನ್ನಾಗೆ ಅವತ್ತು ಮದುವೆ, ಅರ್ಧ ಆಯುಸ್ಸು ಜೊತೆಗೇ ಕಳೆದ ಹೆಸ್ಟರ್ ಎಂಬಾಕೆಯೊಡನೆ. ಇಂಗ್ಲೆಂಡಿನ ನ್ಯೂಲಿನ್ ಬಂದರಿನಲ್ಲಿ ದೋಣಿಗಳಿಗೆ ಹಾಯಿ ಹೊಲಿಯುವ ಅಂಗಡಿ ಮೊರ್ವೆನ್ನಾಳದು. ಟ್ಯಾಮ್ಸಿನ್ ಅಲ್ಲಿ ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೇ.

ಟ್ಯಾಮ್ಸಿನ್ ಜನರಿಂದ ದೂರ ಹೋಗಿ ಕಟ್ಟೆಯ ತುದಿಯಲ್ಲಿ ನಿಂತಳು. 'ಬರೀ ಹೂವು... ಅದಕ್ಕೂ ಹೆದರ್ತೀನಾ ನಾನು?'

"ನಿಮ್ದು ಬಿದ್ದೋಯ್ತು."

ತಿರುಗಿ ನೋಡಿದಳು. ಸೂಟು ತೊಟ್ಟ ಎತ್ತರದ ಗಂಡಸೊಬ್ಬ ಉದ್ದನೆಯ ಕೊಕ್ಕೆಗೋಲಿನ ತುದಿಯಲ್ಲಿ ತೊಟ್ಟಿಕ್ಕುವ ಹೂಗುಚ್ಛ ಹಿಡಿದು ನಿಂತಿದ್ದ. ಮೊಣಕಾಲಿನವರೆಗೂ ಒದ್ದೆ.

"ನಂದಲ್ಲ ಅದು."

"ಹಂಗಾದ್ರೆ ವಾಪಸ್ ಎಸೆದುಬಿಡ್ಲಾ?"

ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ನಿಜಕ್ಕೂ ಕೇಳುತ್ತಿದ್ದ! ಅವಳು ಹೂಂ ಎಂದರೆ ಎಸೆಯುವವನೇ.

"ಎಸೀರಿ," ಎಂದಳು.

ಎಸೆದ. ಇಬ್ಬರೂ ಅದು ಅಲೆಯ ಮೇಲೆ ತೇಲಿ ಹೋಗುವುದನ್ನು ನೋಡುತ್ತ ನಿಂತರು. ಆಮೇಲೆ ಇಬ್ಬರಿಗೂ ಒಟ್ಟಿಗೇ ನಗು ಬಂತು.

ಅವನ ಹೆಸರು ಡೆನ್ಜಿಲ್. ಮೊರ್ವೆನ್ನಾಳ ತಂಗಿಯ ಮಗ. ದೋಣಿ ಕಟ್ಟುವ ಬಡಗಿ. ಸಮುದ್ರದಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡರೆ ಊರಿನ ರಕ್ಷಣಾ ದೋಣಿ ಹತ್ತಿ ಹೋಗುವವರಲ್ಲಿ ಅವನೂ ಒಬ್ಬ.

ಕೇಳಿದ್ದಕ್ಕೆ ಅವಳ ಉತ್ತರವನ್ನೇ ನಂಬಿದ ಮೊದಲ ಗಂಡಸು ಅವನು.

ಏಕೆಂದರೆ ಟ್ಯಾಮ್ಸಿನ್‌ಗೆ ಒಮ್ಮೆ ಮದುವೆಯಾಗಿತ್ತು. ಪಿಯರ್ಸ್ ಎಂಬ ಆ ಗಂಡ ಒಂದು ದಿನವೂ ಕೈಯೆತ್ತಿದವನಲ್ಲ. "ನನ್ನ ಹೆಂಡತಿಗೆ ಮೀನು ಸೇರಲ್ಲ." "ನನ್ನ ಹೆಂಡತಿ ಕೆಲಸಕ್ಕೆ ಹೋಗಲ್ಲ." ಅವಳು ಬಾಯಿ ತೆರೆಯುವಷ್ಟರಲ್ಲಿ ಅವಳ ಮಾತನ್ನು ಅವನೇ ಆಡಿ ಮುಗಿಸಿರುತ್ತಿದ್ದ. ವರ್ಷಗಳು ಕಳೆದ ಮೇಲೆ ಒಂದು ದಿನ ಅಂಗಡಿಯಲ್ಲಿ ಯಾರೋ "ಯಾವ ಬಣ್ಣ ಬೇಕಮ್ಮ?" ಎಂದಾಗ ಅವಳಿಗೆ ಉತ್ತರವೇ ಹೊಳೆಯಲಿಲ್ಲ. ಆ ವಾರವೇ ಒಂದು ಚೀಲ ಹಿಡಿದು ಮನೆ ಬಿಟ್ಟಳು. ಆಮೇಲೆ ವಿಚ್ಛೇದನವೂ ಆಯಿತು.

ಮೀನು ಅವಳಿಗೆ ಬಲು ಇಷ್ಟ. ಡೆನ್ಜಿಲ್‌ನೊಂದಿಗೆ ಮೊದಲ ಸಲ ಊಟಕ್ಕೆ ಹೋದಾಗ ಎರಡು ತಟ್ಟೆ ತಿಂದಳು.

ಮುಂದಿನ ಚಳಿಗಾಲಕ್ಕೆ ಅವರಿಬ್ಬರೂ ಹಾಯಿ ಅಂಗಡಿಯ ಮೇಲಿನ ಮನೆಯಲ್ಲಿ ಒಟ್ಟಿಗಿದ್ದರು.

ಅವಳಿಗೆ ಒಂದೆಡೆ ಕೂತು ಅಭ್ಯಾಸವಿಲ್ಲ. ಚಹಾ ಕುಡಿಯುವಾಗಲೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಟ. ಡೆನ್ಜಿಲ್ ಕೂತ್ಕೋ ಎನ್ನುತ್ತಿರಲಿಲ್ಲ. ಕುರ್ಚಿಗಳನ್ನು ಗೋಡೆಗೆ ಸರಿಸಿ ದಾರಿ ಮಾಡಿಕೊಡುತ್ತಿದ್ದ.

ಅಂಥವನು ಒಂದು ಭಾನುವಾರ ಪಾತ್ರೆ ಒರೆಸುತ್ತ, "ಮದುವೆ ಆಗೋಣ್ವಾ?" ಎಂದ.

ಅವಳ ಕೈಯಲ್ಲಿದ್ದ ತಟ್ಟೆ ಜಾರಿ ನೀರಿಗೆ ಬಿತ್ತು.

"ಬೇಡ."

"ಯಾಕೆ ಅಂತ..."

"ನಿನ್ನ ಬೇಡ ಅಂತಿಲ್ಲ. ಅದು ಬೇಡ. ಇನ್ನೊಂದ್ಸಲ ಕೇಳ್ಬೇಡ, ಪ್ಲೀಸ್."

ಅವನು ಕೇಳಲಿಲ್ಲ. ಆದರೆ ಆ ದಿನದಿಂದ ಅವನಲ್ಲೂ ಏನೋ ಚಡಪಡಿಕೆ ಸೇರಿಕೊಂಡಿತು. ರಕ್ಷಣಾ ದೋಣಿಯ ಕರೆ ಬಂದಾಗಲೆಲ್ಲ ಬೂಟು ಹಾಕಿಕೊಳ್ಳುತ್ತ ಅವಳನ್ನೇ ನೋಡುತ್ತಿದ್ದ. ಏನೋ ಹೇಳಬೇಕು ಅನ್ನುವ ಹಾಗೆ... ಹೇಳದೆ ಹೊರಟುಬಿಡುತ್ತಿದ್ದ.

2019ರ ವಸಂತದಲ್ಲಿ ರೇಡಿಯೋದಲ್ಲಿ ಆ ಸುದ್ದಿ ಬಂತು. ಅಲ್ಲಿಯವರೆಗೆ ಸಿವಿಲ್ ಪಾರ್ಟ್ನರ್‌ಶಿಪ್ ಎಂಬುದು ಹೆಣ್ಣು-ಹೆಣ್ಣಿನ, ಗಂಡು-ಗಂಡಿನ ಜೋಡಿಗೆ ಮಾತ್ರ ಇತ್ತು. ಮದುವೆಯ ಹಕ್ಕುಗಳೆಲ್ಲ ಇರುವ, ಮದುವೆ ಎಂಬ ಹೆಸರಿಲ್ಲದ ಜೊತೆಗಾರಿಕೆ. ಇನ್ನು ಅದು ಎಲ್ಲರಿಗೂ ಸಿಗಲಿದೆ; ಪಾರ್ಲಿಮೆಂಟು ಒಪ್ಪಿದೆ.

ಟ್ಯಾಮ್ಸಿನ್ ಸೂಜಿ ಕೆಳಗಿಟ್ಟಳು. ಗಂಡ ಇಲ್ಲ, ಹೆಂಡತಿ ಇಲ್ಲ. ಇಬ್ಬರು ಜೊತೆಗಾರರು! ಎಷ್ಟೋ ವರ್ಷದ ಮೇಲೆ ಎದೆ ತುಂಬ ಉಸಿರು ಬಂದಂತಾಯಿತು.

"ಮೊರ್ವೆನ್ನಾ, ಕೇಳಿದ್ರಾ? ನಾವು ಅದನ್ನೇ ಮಾಡ್ಕೋಬಹುದು!"

ಮೊರ್ವೆನ್ನಾ ಹಾಯಿಬಟ್ಟೆಯಿಂದ ತಲೆಯೆತ್ತಲಿಲ್ಲ. "ನಮ್ಮಿಬ್ಬರಿಗೂ ಮೊದಲು ಕೊಟ್ಟಿದ್ದು ಅದೇ, ಹಕ್ಕಿ. ಪಂಕ್ತೀಲಿ ಕೂರಬೇಡಿ, ಹಿತ್ತಲಲ್ಲಿ ಎಲೆ ಹಾಕ್ತೀವಿ ಅಂದ ಹಾಗೆ. ಮದುವೆ ಅನ್ನೋ ಮಾತಿಗೆ ಹೆಸ್ಟರ್ ಎಷ್ಟು ವರ್ಷ ಕಾದ್ಲು ಗೊತ್ತಾ? ನಿನಗೆ ಪಂಕ್ತೀಲೇ ಜಾಗ ಇದೆ. ನೀನು ಹಿತ್ತಲು ಕೇಳ್ತೀಯಾ?"

"ನಿಮ್ಮನ್ನ ಹಿತ್ತಲಿಗೆ ಕಳಿಸಿದ್ರು. ನಾನು ಪಂಕ್ತೀಲಿ ಉಸಿರು ಕಟ್ಟಿ ಎದ್ದು ಬಂದೋಳು. ಎರಡೂ ಒಂದೇನಾ?"

ಮೊರ್ವೆನ್ನಾಳ ಸೂಜಿ ನಿಂತಿತು.

ಡೆನ್ಜಿಲ್ ಬಾಗಿಲಲ್ಲೇ ನಿಂತಿದ್ದ. ಅವನ ಮುಖ ಕಪ್ಪಿಟ್ಟಿತ್ತು.

"ಮದುವೆ ಬೇಡ, ಇದು ಬೇಕು. ಯಾಕೆ, ಬಿಟ್ಟು ಹೋಗೋಕೆ ಇದು ಸುಲಭ ಅಂತಾನಾ?"

"ಡೆನ್ಜಿಲ್..."

"ಆ ಪಿಯರ್ಸ್‌ಗೆ ಪೂರ್ತಿ ಕೊಟ್ಟೆ. ನನಗೆ ಅರ್ಧ."

ಆ ಮಾತು ಅವಳಿಗೆ ಚುಚ್ಚಿತು. ಸಿಟ್ಟಿನಲ್ಲಿ ಬಾಯಿಂದ ಜಾರಿತು: "ನಿನಗೂ ಹೆಂಡತೀನೇ ಬೇಕು ಅಂತಾಯ್ತು. ನೀನೂ ಅವನ ಹಾಗೇ."

ಸಂಜೆ ಅವನು ಬಟ್ಟೆಬರೆ ಎತ್ತಿಕೊಂಡು ದೋಣಿ ಕಟ್ಟುವ ಶೆಡ್ಡಿಗೆ ಹೋಗಿಬಿಟ್ಟ.

ಬೇಸಿಗೆ ಹೇಗೆ ಕಳೆಯಿತೋ! ಅವಳು ಬಂದರಿನುದ್ದಕ್ಕೂ ನಡೆದಳು, ವಾಪಸ್ ನಡೆದಳು. ಶೆಡ್ಡಿನ ದಾರಿ ಬಂದಾಗ ಹೆಜ್ಜೆ ನಿಧಾನವಾಗುತ್ತಿತ್ತು. ಒಳಗೆ ಉಳಿ ಹೊಡೆಯುವ ಸದ್ದು ನಿಲ್ಲುತ್ತಿತ್ತು. ಇಬ್ಬರಲ್ಲಿ ಯಾರೂ ಬಾಗಿಲು ತೆಗೆಯಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಬಿರುಗಾಳಿಗೆ ಅಂಗಡಿಯ ಗಾಜುಗಳು ಅದುರುತ್ತಿದ್ದಾಗ ಮೊರ್ವೆನ್ನಾ ಫೋನು ಕೆಳಗಿಟ್ಟಳು. ತುಟಿ ಬಿಳುಚಿತ್ತು.

"ರಕ್ಷಣೆಗೆ ಹೋಗಿದ್ರು. ಅಲೆ ಹೊಡೆದು ಡೆನ್ಜಿಲ್ ದೋಣಿಯ ಕಂಬಿಗೆ ಬಡಿದುಕೊಂಡನಂತೆ. ಪಕ್ಕೆಲುಬು ಮುರಿದಿದೆ, ತಲೆಗೂ ಏಟು. ಟ್ರೂರೋ ಆಸ್ಪತ್ರೆಗೆ ಒಯ್ದಿದಾರೆ."

ಕಾರು ಓಡಿಸುತ್ತ ಮೊರ್ವೆನ್ನಾ ರಸ್ತೆಯ ಮೇಲೆ ಕಣ್ಣಿಟ್ಟೇ ಹೇಳಿದಳು:

"ಅವನ ಅಪ್ಪ ಸಮುದ್ರದಲ್ಲೇ ಹೋಗಿದ್ದು ಗೊತ್ತಲ್ಲ. ನನ್ನ ತಂಗಿಗೂ ಆತನಿಗೂ ಮದುವೆ ಆಗಿರ್ಲಿಲ್ಲ. ಅದನ್ನ ಡೆನ್ಜಿಲ್ ಹೇಳಿದಾನಾ?"

"ಇಲ್ಲ..."

"ಅಂತ್ಯಸಂಸ್ಕಾರದ ದಿನ ಚರ್ಚಿನಲ್ಲಿ ಮುಂದಿನ ಸಾಲು ಆತನ ಮನೆಯವರಿಗೆ. ನನ್ನ ತಂಗಿ ಕೊನೇ ಬೆಂಚು. ಡೆನ್ಜಿಲ್ ಚಿಕ್ಕೋನು, ಅಮ್ಮನ ಕೋಟು ಹಿಡ್ಕೊಂಡು ಕೂತಿದ್ದ. ತಿಂಗಳೊಳಗೆ ಮನೇನೂ ಬಿಡಿಸಿದ್ರು. ನೀವು ಅವನಿಗೆ ಏನೂ ಆಗ್ಬೇಕಿಲ್ಲ ಅಂದ್ರು."

ಟ್ಯಾಮ್ಸಿನ್ ಸೀಟಿನ ಅಂಚು ಹಿಡಿದುಕೊಂಡಳು. ಬೂಟು ಹಾಕಿಕೊಳ್ಳುತ್ತ ತನ್ನನ್ನೇ ನೋಡುತ್ತಿದ್ದ ಆ ಕಣ್ಣುಗಳು... 'ಅವನು ನನ್ನನ್ನ ಕಟ್ಟಿಹಾಕೋಕೆ ಕೇಳಲಿಲ್ಲ. ತಾನು ಮುಳುಗಿದ್ರೆ ನಾನು ಬೀದಿಗೆ ಬೀಳ್ತೀನಿ ಅಂತ ಹೆದರಿ ಕೇಳಿದ!'

ವಾರ್ಡಿನ ಬಾಗಿಲಲ್ಲಿ ನರ್ಸ್ ಮೃದುವಾಗಿಯೇ ಕೇಳಿದಳು. "ನೀವು ಅವರಿಗೆ ಏನಾಗ್ಬೇಕು?"

ಟ್ಯಾಮ್ಸಿನ್ ಬಾಯಿ ತೆರೆದಳು. ಯಾವ ಪದವೂ ಬರಲಿಲ್ಲ. ಕಣ್ಣು ತುಂಬಿ ಬಂತು.

ನರ್ಸ್ ಒಂದು ಕ್ಷಣ ನೋಡಿ, "ಪರವಾಗಿಲ್ಲ, ಹೋಗಿ. ಟ್ಯಾಮ್ಸಿನ್ ಅಂತ ಕನವರಿಸ್ತಿದ್ರು, ಅದು ನೀವೇ ಅನ್ಸುತ್ತೆ," ಎಂದಳು.

ಅವನ ತಲೆಗೆ ಪಟ್ಟಿ ಸುತ್ತಿತ್ತು. ಉಸಿರೆಳೆದಾಗಲೆಲ್ಲ ಮುಖ ಹಿಂಡಿಕೊಳ್ಳುತ್ತಿದ್ದ.

"ಓಡಾಡೋಕೆ ಜಾಗ ಇಲ್ಲ ಇಲ್ಲಿ," ಎಂದ, ಅವಳನ್ನು ಕಂಡು.

ಅವಳು ಮಂಚದ ಅಂಚಿನಲ್ಲಿ ಕೂತಳು. ಕೂತೇ ಇದ್ದಳು.

"ನಿನ್ನಮ್ಮನ ವಿಷಯ ಯಾಕೆ ಹೇಳಲಿಲ್ಲ?"

ಅವನು ಚಾವಣಿ ನೋಡಿದ. "ಹೇಳಿದ್ರೆ ಕನಿಕರಕ್ಕೆ ಒಪ್ತಿದ್ದೆ ನೀನು."

"ಈಗ ಒಪ್ತೀನಿ. ಚರ್ಚಿನಲ್ಲಿ ಬೇಕಾ, ಅಲ್ಲೇ ಆಗ್ಲಿ. ಏನ್ ಬೇಕಾದ್ರೂ ಕರಿ ನನ್ನ."

ಡೆನ್ಜಿಲ್ ಅವಳ ಕೈ ನೋಡಿದ. ಹೊದಿಕೆಯನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದಿದ್ದಳು.

"ಬೇಡ," ಎಂದ. "ನೀನು ಹಲ್ಲು ಕಚ್ಚಿ ನಿಲ್ಲೋ ಮದುವೆ ನನಗೆ ಬೇಡ. ಶೆಡ್ಡಲ್ಲಿ ಕೂತು ಬೇಸಿಗೆ ಪೂರ್ತಿ ಯೋಚಿಸ್ದೆ. ಆ ಜೊತೆಗಾರಿಕೆಯನ್ನೂ ಅಷ್ಟು ಸುಲಭಕ್ಕೆ ಮುರಿಯೋಕೆ ಬರಲ್ವಂತೆ, ವಿಚಾರಿಸ್ದೆ. ಬಿಟ್ಟು ಹೋಗೋಕೆ ಸುಲಭ ಅಂದಿದ್ದು... ನನ್ನ ಹೆದರಿಕೆ ಆಡಿದ ಮಾತು ಅದು."

"ನೀನೂ ಅವನ ಹಾಗೆ ಅಂದಿದ್ದು ನನ್ನ ಹೆದರಿಕೆ."

"ಇಬ್ಬರ ಹೆದರಿಕೆಗಳೂ ಚೆನ್ನಾಗಿ ಜಗಳ ಆಡಿವೆ ಹಂಗಾದ್ರೆ."

ಅವಳು ನಕ್ಕಳು. ಅವನೂ ನಗಲು ಹೋಗಿ ಪಕ್ಕೆ ಹಿಡಿದುಕೊಂಡು ನರಳಿದ.

ಹೊಸ ಕಾನೂನಿನಡಿ ಮೊದಲ ಜೋಡಿಗಳಿಗೆ ಸಿಕ್ಕ ದಿನ ಆ ವರ್ಷದ ಕೊನೆಯ ದಿನ. ಅಂದು ಪಕ್ಕದ ಊರು ಪೆನ್ಜಾನ್ಸ್‌ನ ನೋಂದಣಿ ಕಚೇರಿಗೆ ಅವರ ಜೊತೆ ಮೊರ್ವೆನ್ನಾ, ಹೆಸ್ಟರ್ ಇಬ್ಬರೂ ಸಾಕ್ಷಿಗೆ ಬಂದರು.

"ನನಗಿನ್ನೂ ಪೂರ್ತಿ ಒಪ್ಪಿಗೆ ಇಲ್ಲ," ಎಂದಳು ಮೊರ್ವೆನ್ನಾ, ಟೋಪಿ ಸರಿಮಾಡಿಕೊಳ್ಳುತ್ತ.

"ಅವಳಿಗೆ ಬೇಕಾದ ಬಾಗಿಲು ಅವಳು ಆರಿಸ್ಕೊಳ್ಳಲಿ ಬಿಡೇ," ಎಂದಳು ಹೆಸ್ಟರ್. "ನಾವು ಬಡಿದಾಡಿದ್ದೂ ಅದಕ್ಕೇ ಅಲ್ವಾ?"

ಮೊರ್ವೆನ್ನಾ ಗೊಣಗಿದಳು. ಆದರೆ ಟ್ಯಾಮ್ಸಿನ್‌ಳ ಕಾಲರನ್ನು ತಾನೇ ನೇರ ಮಾಡಿದಳು.

ಅಧಿಕಾರಿಣಿ ಒಳಗೆ ಕರೆದರು. ಮದುವೆ ಅಲ್ಲ, ಹೆಂಡತಿ ಅಲ್ಲ, ಎಲ್ಲ ತಾನೇ ಕೇಳಿದ್ದು... ಆದರೂ ಟ್ಯಾಮ್ಸಿನ್‌ಳ ಕಾಲು ಬಾಗಿಲ ಕಡೆ ತಿರುಗಿತು. ಹೊರಗೆ ಜಿನುಗು ಮಳೆಗೆ ಓಡಿ ಬಂದುಬಿಟ್ಟಳು.

ಡೆನ್ಜಿಲ್ ಹಿಂದೆಯೇ ಬಂದ. ಏನಾಯ್ತು ಎನ್ನಲಿಲ್ಲ. ಇನ್ನೂ ಪೂರ್ತಿ ವಾಸಿಯಾಗದ ಪಕ್ಕೆ ಹಿಡಿದುಕೊಂಡು ಅವಳ ಪಕ್ಕದಲ್ಲಿ ನಡೆದ. ಇಬ್ಬರೂ ಆ ಕಟ್ಟಡವನ್ನು ಒಂದು ಸುತ್ತು ಬಂದರು.

"ಇನ್ನೊಂದು ಸುತ್ತು?"

"ನೋವಾಗ್ತಿಲ್ವಾ ನಿನಗೆ?"

"ಆಗ್ತಿದೆ. ಬಾ."

ಇನ್ನೊಂದು ಸುತ್ತೂ ಆಯಿತು. ಬಾಗಿಲ ಮುಂದೆ ಅವಳು ನಿಂತಳು. ಕೂದಲಿನಿಂದ ನೀರು ಇಳಿಯುತ್ತಿತ್ತು.

"ಹೆದರಿಕೆ ಹೋಗಿಲ್ಲ, ಡೆನ್ಜಿಲ್. ಹೋಗಲ್ವೇನೋ."

"ಹ್ಮ್."

"ಅದನ್ನೂ ಕರ್ಕೊಂಡೇ ಬಂದ್ರೆ... ಜಾಗ ಇದೆಯಾ?"

ಅವನು ಬಾಗಿಲನ್ನು ಭುಜದಿಂದ ತೆರೆದು ಹಿಡಿದ.

"ನನ್ನ ಹೆದರಿಕೇನೂ ಒಳಗೇ ಕೂತಿದೆ," ಎಂದ. "ಸ್ವಲ್ಪ ಸರಿದು ಕೂತ್ಕೊಂಡ್ರಾಯ್ತು."