ಸುಮಿತನ ದೊಡ್ಡ ಚೇಂಬರು

ಗುಂಡು ನನ್ನ ಕಿವಿ ಸವರಿಕೊಂಡು ಹೋಯಿತು. ಹಿಂದಿದ್ದ ತಗಡಿನ ಕಪಾಟು ತೂತು.

"ಮುಂದಿನದ್ದು ಹೊಟ್ಟೆಗೆ, ಭೋಜಣ್ಣ," ಅಂದ ಸುಮಿತ್.

ಗಲ್ಫಿನ ಸಬ್ಹಾನ್ ಕೈಗಾರಿಕಾ ಪ್ರದೇಶದ ಈ ಲೇತ್ ವರ್ಕ್‌ಶಾಪಿಗೆ ಅವನೇ ಮ್ಯಾನೇಜರ್. ಇರುವುದು ಸಾಲ್ಮಿಯಾದಲ್ಲಿ, ಸಮುದ್ರ ಕಾಣುವ ಫ್ಲಾಟು. ಕೈಯಲ್ಲಿ ಲೈಸೆನ್ಸಿಲ್ಲದ ಏರ್ ರೈಫಲ್. ತಾನೊಬ್ಬ ಹುಲಿ ಅಂತ ಭ್ರಮೆ...

ನಾನು ಬಂದದ್ದು ಸುಮಿತ್ ಹಿಡಿದಿಟ್ಟುಕೊಂಡ ನೌಷಾದನ ಪಾಸ್‌ಪೋರ್ಟಿಗೆ. ಊರಿನವರ ಸಿಕ್ಕು ಬಿಡಿಸುವುದು ನನ್ನ ಕಸುಬು ನೋಡಿ. ನೌಷಾದ್ ಇಲ್ಲಿ ಲೇತ್ ಓಡಿಸುವ ಟರ್ನರ್. ಊರಲ್ಲಿ ಅವನ ತಾಯಿ ಬೀಫಾತಿಮಾ ಆಸ್ಪತ್ರೆಯಲ್ಲಿ, ನಾಳೆ ಆಪರೇಷನ್. ಇವತ್ತು ಸಂಜೆ ಫ್ಲೈಟು.

"ನನ್ನ ಗೆಳೆಯರ ರೈಫಲ್ಲುಗಳಿಗೂ ಇಂಥದ್ದೇ ನಾಲ್ಕು ಗಾಳಿ ಚೇಂಬರ್ ಮಾಡಿಕೊಡಲಿ. ಆಮೇಲೆ ಪಾಸ್‌ಪೋರ್ಟ್," ಅಂದ.

"ಅವನ ತಾಯಿ ಕಾಯ್ತಾಳಾ?"

"ಅದು ನನ್ನ ತಲೆನೋವಲ್ಲ."

ಅವನ ಅಂಗಿಯ ಜೇಬಿನಿಂದ ಪಾಸ್‌ಪೋರ್ಟ್ ಇಣುಕುತ್ತಿತ್ತು.

"ಆ ಆಟಿಕೆಯಲ್ಲಿ ಅಂಥದ್ದೇನಿದೆ?" ಅಂದೆ.

ಉಬ್ಬಿದ. ಹೊಗಳಿಕೆಗೂ ಹಂಗಿಸುವುದಕ್ಕೂ ವ್ಯತ್ಯಾಸ ತಿಳಿಯದ ಜಾತಿ.

"ಆಟಿಕೆಯಾ? ಸಿಲಿಂಡರಿನ ಗಾಳಿಯನ್ನು ರೆಗ್ಯುಲೇಟರ್ ಅಳೆದು ಚೇಂಬರಿಗೆ ಬಿಡ್ತದೆ. ಗುಂಡು ತಳ್ಳೋದು ಚೇಂಬರಿನ ಗಾಳಿ. ಮೊದಲು ಸಣ್ಣದಿತ್ತು, ಗುಂಡು ನಳಿಗೆ ದಾಟುವ ಮೊದಲೇ ಗಾಳಿ ಮುಗೀತಿತ್ತು. ಈಗ ಮೂರು ಪಟ್ಟು ದೊಡ್ಡದು ಮಾಡಿಸಿದೆ."

"ರೆಗ್ಯುಲೇಟರ್?"

"ಹಳೇದೇ. ಅದನ್ನೂ ಬದಲಿಸಬೇಕು ಅಂತ ನೌಷಾದ್ ಗೊಣಗಿದ. ಕೆಲಸ ಬೆಳೆಸುವ ಬುದ್ಧಿ."

ನನಗೆ ನಗು ಬಂತು.

ಹಳೇ ಕಾರ್ಮಿಕರ ಕ್ಯಾಂಪಿನಲ್ಲಿ ನಮ್ಮದು ಒಂದೇ ನಲ್ಲಿ. ಬೆರಳ ಗಾತ್ರದ ನೀರು. ಸೂಪರ್‌ವೈಸರ್ ದೊಡ್ಡ ಡ್ರಮ್ ತಂದಿಟ್ಟ. ಮೊದಲು ಮಿಂದವನು ರಾಜ. ಎರಡನೆಯವನು ಸೋಪು ಹಚ್ಚಿಕೊಂಡು ಡ್ರಮ್ ತುಂಬಲಿ ಅಂತ ಕಾಯುತ್ತ ನಿಂತ!

ಇವನ ಬಂದೂಕೂ ಅದೇ: ಚೇಂಬರು ದೊಡ್ಡ ಡ್ರಮ್, ರೆಗ್ಯುಲೇಟರ್ ಆ ಸಣ್ಣ ನಲ್ಲಿ. ಮಾತಾಡುತ್ತ ನಿಂತರೆ ಚೇಂಬರು ತುಂಬುತ್ತದೆ. ತುಂಬಿದ್ದನ್ನು ಖಾಲಿ ಮಾಡಿಸಬೇಕು...

ಸಟ್ಟನೆ ಲೇತಿನ ಹಿಂದೆ ಕೂತೆ. ಮುದುಕ ಓಡಿದ ಅಂದುಕೊಂಡ. ಒತ್ತಿದ.

ಠಣ್! ಲೇತಿನ ಕಬ್ಬಿಣ ಕಿಡಿ ಹಾರಿಸಿತು.

ಆ ಕ್ಷಣವೇ ಎದ್ದೆ. ನೇರ ಅವನತ್ತ ನಡೆದೆ.

ಅವನ ಕಣ್ಣು ಅಗಲವಾಯಿತು. ಗಡಿಬಿಡಿಯಲ್ಲಿ ಗುಂಡೇರಿಸುವ ಲಿವರ್ ಎಳೆದ. ಮತ್ತೆ ಒತ್ತಿದ.

ಪುಸ್...

ಗುಂಡು ನನ್ನ ಪಕ್ಕೆಗೆ ಬಡಿದು ಕೆಳಗೆ ಬಿತ್ತು. ನೋವಾಯಿತು, ಸುಳ್ಳು ಹೇಳುವುದಿಲ್ಲ. ಊರಿನ ಮೇಷ್ಟ್ರ ಬೆತ್ತ ಇದಕ್ಕಿಂತ ಜೋರಿತ್ತು.

ನಳಿಗೆ ಹಿಡಿದು ಕಿತ್ತುಕೊಂಡೆ. ಹಿಡಿಯಿಂದ ಅವನ ಮೊಣಕಾಲಿಗೆ ಒಂದು ಕೊಟ್ಟೆ. ಹುಲಿ ನೆಲಕ್ಕೆ ಕೂತಿತು. ಜೇಬಿನಿಂದ ಪಾಸ್‌ಪೋರ್ಟ್ ತೆಗೆದೆ.

ಹೊರಗೆ ಪಿಕಪ್ಪಿನಲ್ಲಿ ನೌಷಾದ್ ಕಾಯುತ್ತಿದ್ದ. ಪಾಸ್‌ಪೋರ್ಟ್ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡ.

"ಯಲ್ಲಾ, ಹೊರಡುವ, ಏರ್‌ಪೋರ್ಟಿಗೆ," ಅಂದೆ.

ಸುಮಿತ್ ಕುಂಟುತ್ತ ಬಾಗಿಲಿಗೆ ಬಂದ. ದನಿ ಈಗ ಮೆತ್ತಗೆ.

"ಭೋಜಣ್ಣ... ನನ್ನ ರೈಫಲ್?"

"ದಾರಿಯಲ್ಲಿ ಪೊಲೀಸ್ ಠಾಣೆಗೆ ಕೊಟ್ಟು ಹೋಗ್ತೇನೆ. ಲೈಸೆನ್ಸ್ ತೋರಿಸಿ ಬಿಡಿಸಿಕೋ."