ಎಂಟರಲ್ಲಿ ನಾಲ್ಕು ತಂತಿ

ಮೈದುನನ ಮೇಲೆ ಅವಳಿಗೆ ದ್ವೇಷವಿರಲಿಲ್ಲ. ದ್ವೇಷಿಸುವುದಕ್ಕೂ ಒಂದಿಷ್ಟು ತ್ರಾಣ ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ. ಕಿವಿ ಕೇಳದ ರೋಗಿಗಳಿಗೂ ವೈದ್ಯರಿಗೂ ನಡುವೆ, ಮನೆಯಿಂದಲೇ ವಿಡಿಯೋದಲ್ಲಿ ಕೈಸನ್ನೆಯಿಂದ ಮಾತು ದಾಟಿಸುವುದು ಅವಳ ಕೆಲಸ. ಪಕ್ಕದ ಕೋಣೆಯಲ್ಲಿ ಮೈದುನ ಹೊಸ ಗೇಮ್ ಇಳಿಸಿಕೊಳ್ಳಲು ಕೂತನೆಂದರೆ ಇಂಟರ್ನೆಟ್ಟೆಲ್ಲ ಅವನ ಪಾಲಾಗಿ, ಪರದೆಯ ಮೇಲೆ ಅವಳ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಇನ್ನೊಂದು ಸಲ ಹೀಗಾದರೆ ಕೆಲಸ ಬೇರೆಯವರಿಗೆ ಎಂದು ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಹೇಳಿಯಾಗಿತ್ತು.

ಕೇಳಿ ನೋಡಿದ್ದಳು. "ಇದೊಂದು ಆಟ ಅತ್ತಿಗೆ, ಮುಗಿದೇ ಹೋಯ್ತು" ಅನ್ನುತ್ತಿದ್ದ. ಅತ್ತೆಗೆ ಹೇಳಿದರೆ, "ಅವನಿನ್ನೂ ಮಗು ಕಣಮ್ಮ." ಮಗುವಿಗೆ ಆಗಲೇ ತಲೆ ನೆರೆಯತೊಡಗಿತ್ತು.

ಕೊನೆಗೆ ಅವಳು ಕೇಬಲಿನ ಶಾಸ್ತ್ರ ಓದಿದಳು. ಇಂಟರ್ನೆಟ್ ಕೇಬಲಿನೊಳಗೆ ಎಂಟು ತಂತಿ. ಎಂಟೂ ದುಡಿದರೆ ವೇಗ. ಹಳೇ ಕಾಲದ ಅಗ್ಗದ ಕೇಬಲಿನಲ್ಲಿ ನಾಲ್ಕೇ ಇರುತ್ತವೆ. ದೀಪ ಉರಿಯುತ್ತದೆ, ಸಂಪರ್ಕವೂ ಸಿಗುತ್ತದೆ, ಓಟ ಮಾತ್ರ ಆಮೆಯದು. ಕೇಬಲ್ ಕತ್ತರಿಸಿದರೆ ರಿಪೇರಿಯವನು ಬಂದು ಹುಡುಕುತ್ತಾನೆ. ನಿಧಾನವಾದರೆ ಜನ ಕಂಪನಿಯನ್ನು ಬೈದು ಸುಮ್ಮನಾಗುತ್ತಾರೆ. ಇದು ಅವಳಿಗೆ ಬಹಳ ಹಿಡಿಸಿತು.

"ಎಲ್ರೂ ಫಾಸ್ಟ್ ಇರೋದು ಕೇಳ್ತಾರೆ. ಇದನ್ಯಾಕೆ ತಗೋತೀರಿ?" ಎಂದ ಅಂಗಡಿಯವನು.

"ನಮ್ಮನೇಲಿ ಅವಸರ ಇಲ್ಲ" ಅಂದಳು.

ಅದೇ ನೀಲಿ ಬಣ್ಣ, ಅದೇ ಉದ್ದ. ಬೆಳಿಗ್ಗೆ ಮೈದುನ ಸ್ನಾನಕ್ಕೆ ಹೋದಾಗ ಹಜಾರದ ರೂಟರಿನಿಂದ ಅವನ ಕೋಣೆಗೆ ಹೋಗುವ ಕೇಬಲನ್ನು ಬದಲಿಸಿದಳು. ಅವನ ಮಂಚದಡಿಯ ಕತ್ತಲಲ್ಲಿ ಕೈಯಲ್ಲೇ ತಡಕಿ, ಕೇಬಲ್ ಬಂದು ಸೇರುವ ಪುಟ್ಟ ಡಬ್ಬಿಗೆ ತುದಿಯನ್ನು ಸಿಕ್ಕಿಸಿದಳು. ಹಳೆಯದರ ಧೂಳನ್ನೂ ಬೆರಳಿನಲ್ಲಿ ತೆಗೆದು ಹೊಸದಕ್ಕೆ ಬಳಿದಳು. ಹಳೆಯ ಕೇಬಲ್ ಕಸದ ಗಾಡಿ ಏರಿ ಹೋಯಿತು. ಸೊಂಟ ಹಿಡಿದುಕೊಂಡಿತ್ತು, ಆದರೆ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಮನಸ್ಸು ಹಗುರಾಗಿತ್ತು.

ಆ ದಿನದ ಮೊದಲ ರೋಗಿ ಹೊಟ್ಟೆನೋವಿನ ಮುದುಕಿ. ನೋವು ಯಾವಾಗಿನಿಂದ ಎಂದು ವೈದ್ಯರು ಕೇಳಿದರು. ಅದನ್ನು ದಾಟಿಸಲು ಅವಳು ಕೈ ಎತ್ತಿದಳು. ಚಿತ್ರ ನಿಂತಿತು. ಕಾದಳು. ಮುದುಕಿಯ ಮುಖ ಚೌಕ ಚೌಕವಾಗಿ ಒಡೆದು ಮಾಯವಾಯಿತು.

ಎದ್ದು ಪಕ್ಕದ ಕೋಣೆಗೆ ಹೋದಳು. ಕೈಯಲ್ಲಿದ್ದ ಫೋನು ಬಡಿದುಕೊಳ್ಳುತ್ತಿತ್ತು, ಮೇಲ್ವಿಚಾರಕಿಯ ಕರೆ. ಮೈದುನ ಮಂಚ ಸರಿಸಿ ಡಬ್ಬಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಡಬ್ಬಿಯಿಂದ ಇನ್ನೊಂದು ನೀಲಿ ಕೇಬಲ್ ಹೊರಟು, ಗೋಡೆಯ ತೂತಿನಲ್ಲಿ ತೂರಿ ಆಚೆ ಹೋಗಿತ್ತು. "ನನ್ನ ಗೇಮೂ ಕುಂಟ್ತಿದೆ ಅತ್ತಿಗೆ, ಬರೋ ಚೂರು ನೆಟ್ಟನ್ನೆಲ್ಲ ಅದೇ ನುಂಗ್ತಿದೆ" ಅಂದ ಅವನು, ತಲೆ ಎತ್ತದೆ. "ನಿಮ್ಗೂ ನಿಂತಿರ್ಬೇಕಲ್ಲ? ನಿಮ್ಮ ರೂಮಿಗೆ ಲೈನು ಎಳೆದಿರೋದು ಈ ಡಬ್ಬಿಯಿಂದಾನೇ."