ಮೈಲೋ ಮಾಡಿದ ಹಿಡಿ

ವರ್ನಾ ಕೋಪ್ಕಿ ಬಿಡಿಸಿದ ಒಗಟುಗಳನ್ನೆಲ್ಲ ನಾನು ಇದುವರೆಗೆ ಖುಷಿಯಿಂದಲೇ ಬರೆದಿದ್ದೇನೆ. ಇದೊಂದನ್ನು ಬರೆಯಲು ಕುಳಿತಾಗ ಮಾತ್ರ ಕಿವಿ ಬಿಸಿಯಾಗುತ್ತದೆ. ಆದರೂ ಬರೆಯಲೇಬೇಕು. ಬಚ್ಚಿಟ್ಟರೆ ಅದು ಇನ್ನೊಂದು ನಾಚಿಕೆಗೇಡು.

ಆ ಬುಧವಾರ ಬೆಳಿಗ್ಗೆ ನಾನು ವರ್ನಾಳ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ನಲವತ್ತು ವರ್ಷ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ನಿಂತವಳು ಅವಳು. ತುಕ್ಕು ಹಿಡಿದ ಬೋಲ್ಟು ಕೈಗಿಟ್ಟರೆ ಸಾಕು, ಯಾವ ವರ್ಷದ ಯಾವ ಗಾಡಿಯದೆಂದು ಹೇಳಿಬಿಡುತ್ತಾಳೆ. ವಿಸ್ಕಾನ್ಸಿನ್ನಿನ ನಮ್ಮ ಸಣ್ಣ ಊರಿನಲ್ಲಿ ಏನು ಕಳೆದರೂ ಜನ ಮೊದಲು ಬರುವುದು ಅವಳ ಮನೆಗೆ, ಪೊಲೀಸರ ಹತ್ತಿರ ಆಮೇಲೆ. ಪಕ್ಕದ ಮನೆಯ ನಾನು, ಲೈಲ್ ಹ್ಯಾನಮನ್, ಅವಳ ಬಾಲ.

ಬಾಗಿಲನ್ನೂ ತಟ್ಟದೆ ಆರ್ಲೀನ್ ಒಳಗೆ ನುಗ್ಗಿದಳು.

"ವರ್ನಾ, ಮೈಲೋನ ಹಿಡಿ ಹೋಯ್ತು ಕಣೇ! ಯಾರೋ ಕೊಯ್ಕೊಂಡು ಹೋಗಿದಾರೆ!"

ನನ್ನ ಕಾಫಿ ಮೇಜಿನ ಮೇಲೆ ಚೆಲ್ಲಿತು.

ಮೈಲೋ ಆರ್ಲೀನಳ ಗಂಡ. ಮಾರ್ಚಿನಲ್ಲಿ ತೀರಿಕೊಂಡಿದ್ದ. ಜೋಳದ ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಕಳೆದುಕೊಂಡಿದ್ದ ಅವನು, ತನ್ನ ೧೯೬೬ರ ತೋಟದ ಟ್ರ್ಯಾಕ್ಟರಿಗೆ ಮೂರು ಬೆರಳಿನ ಕೈಗೆ ಒಪ್ಪುವ ಹಿಡಿಯನ್ನು ತಾನೇ ಮಾಡಿಕೊಂಡಿದ್ದ. ಪೈಪಿನ ತುಂಡು ಬಡಿದು, ಬಗ್ಗಿಸಿ, ಹುಲ್ಲು ಕತ್ತರಿಸುವ ಬ್ಲೇಡನ್ನು ಎತ್ತುವ ಲಿವರಿಗೆ ವೆಲ್ಡ್ ಮಾಡಿದ್ದ. ಸೊಟ್ಟಂಬಟ್ಟ ಹಿಡಿ. ಅವನ ಬೆರಳು ಕೂತ ಕಡೆಯಲ್ಲೆಲ್ಲ ಸವೆದು ಹೊಳೆಯುತ್ತಿತ್ತು. ಅವನು ಹೋದ ಮೇಲೆ ಆರ್ಲೀನ್ ದಿನಾ ಬೆಳಿಗ್ಗೆ ಶೆಡ್ಡಿಗೆ ಹೋಗಿ ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳಂತೆ. ಆ ವಿಷಯ ನಮಗೆ ಗೊತ್ತಾದದ್ದು ಆವತ್ತೇ.

ನಮ್ಮ ಹಳೆ ಟ್ರ್ಯಾಕ್ಟರುಗಳ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಸದಸ್ಯನೊಬ್ಬ ಸತ್ತರೆ ಅವನ ಗಾಡಿಯನ್ನು ಉಳಿದವರು ಹಂಚಿಕೊಂಡು ರಿಪೇರಿ ಮಾಡುತ್ತಾರೆ. ಸೆಪ್ಟೆಂಬರಿನ ಮೆರವಣಿಗೆಯಲ್ಲಿ ಅದನ್ನು ಅವನ ಹೆಂಡತಿ ಓಡಿಸಬೇಕು. ಶೆಡ್ಡಿಗೆ ಬೀಗವಿರುವುದಿಲ್ಲ. ಬಿಡುವಿದ್ದವರು ಹೋಗಿ ತಮ್ಮ ಪಾಲಿನ ಕೆಲಸ ಮಾಡಿ ಬರುತ್ತಾರೆ. ಮೈಲೋನ ಗಾಡಿಯಲ್ಲಿ ವೈರಿಂಗು ವರ್ನಾಳದು, ಎಂಜಿನ್ನು ಮೈಲೋನ ಅಕ್ಕನ ಮಗ ಡ್ವೇನನದು, ಬಣ್ಣ ಮತ್ತು ಸಣ್ಣಪುಟ್ಟ ಭಾಗಗಳು ನನ್ನವು. ಮೆರವಣಿಗೆಗೆ ಇನ್ನು ಮೂರೇ ದಿನವಿತ್ತು.

ಶೆಡ್ಡಿನಲ್ಲಿ ವರ್ನಾ ಮಂಡಿಯೂರಿ ಲಿವರನ್ನು ನೋಡಿದಳು. ಮೈಲೋನ ಹಿಡಿಯ ಜಾಗದಲ್ಲಿ ಆ ಮಾದರಿಗೆ ಕಾರ್ಖಾನೆಯವರೇ ಕೊಡುತ್ತಿದ್ದ ಕಪ್ಪು ಹಿಡಿ ಕೂತಿತ್ತು. ಎರಡು ಸ್ಕ್ರೂ, ಎರಡರ ತಲೆಯ ಗೀರೂ ನೆಟ್ಟಗೆ ಮೇಲಕ್ಕೆ ನಿಂತಿದ್ದವು. ಕೊಯ್ದ ಗುರುತನ್ನು ಅರದಿಂದ ಉಜ್ಜಿ, ಲಿವರಿನದೇ ಬಣ್ಣ ಬಳಿಯಲಾಗಿತ್ತು. ಪಕ್ಕದ ಬೆಂಚಿನ ಮೇಲೆ, ಮೈಲೋ ಹೆಚ್ಚುವರಿಯಾಗಿ ತೆಗೆದಿಟ್ಟಿದ್ದ, ಹುಡುಕಿದರೂ ಸಿಗದಂಥ ಕಾರ್ಬ್ಯುರೇಟರ್ ಇಟ್ಟಲ್ಲೇ ಇತ್ತು.

"ಎಂಥಾ ಕಳ್ಳ ಇವ್ನು?" ಎಂದಳು ವರ್ನಾ. "ಚಿನ್ನ ಬಿಟ್ಟು ಕಸ ಕದ್ದಿದಾನೆ. ಸಾಲ್ದೂಂತ ಹೊಸದೊಂದು ಕೂರಿಸಿ ಬೇರೆ ಹೋಗಿದಾನೆ."

"ಕಸ ಅನ್ಬೇಡ!"

"ಅವನ ಕಣ್ಣಿಗೆ ಅಂದೆ ಕಣೇ. ನನ್ನ ಕಣ್ಣಿಗಲ್ಲ."

ಆರ್ಲೀನ್ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು. "ಡ್ವೇನೇ ಇದು. ನಿನ್ನೆ ಮಧ್ಯಾಹ್ನವೆಲ್ಲ ಇಲ್ಲೇ ಇದ್ದ. 'ಗಾಡಿ ಮಾರ್ಬಿಡಿ ಅತ್ತೆ' ಅಂತ ಎರಡು ಸಲ ಕೇಳಿದಾನೆ. ಸೊಟ್ಟ ಹಿಡಿ ಇದ್ರೆ ಗಿರಾಕಿ ಬರಲ್ಲ ಅಂತ ತೆಗೆದಿದಾನೆ. ಅಲ್ವಾ ಲೈಲ್?"

ಹಳೆ ಬಿಡಿಭಾಗಗಳ ವ್ಯಾಪಾರ ಡ್ವೇನನದು.

"ಇರ್ಬಹುದು," ಎಂದೆ.

ಆ ಒಂದು ಮಾತು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಡ್ವೇನನನ್ನು ಕರೆಸಿದರು. "ನಾನು ಮುಟ್ಟಿಲ್ಲ ಅತ್ತೆ, ದೇವ್ರಾಣೆ," ಎಂದು ಟೋಪಿ ಹಿಂಡುತ್ತಾ ಹೇಳಿದ. "ಇನ್ಮೇಲೆ ನನ್ನ ಶೆಡ್ಡಿಗೆ ಕಾಲಿಡ್ಬೇಡ," ಎಂದುಬಿಟ್ಟಳು ಆರ್ಲೀನ್. ಅವಳಿಗೆ ಹತ್ತಿರದವನೆಂದು ಉಳಿದಿದ್ದವನು ಅವನೊಬ್ಬನೇ.

ಗುರುವಾರ ವರ್ನಾ ನನ್ನನ್ನು ಕರೆದಳು. "ಗೋಡೆಗೆ ಬಣ್ಣ ಹೊಡೆಸ್ದೆ. ಈ ಸ್ವಿಚ್ಚಿನ ಮುಚ್ಚಳ ಕೂರಿಸಿಕೊಡೋ, ನನಗೆ ಕಣ್ಣು ಸರಿಯಾಗಿ ಕಾಣಲ್ಲ." ಕೂರಿಸಿದೆ. ಅವಳು ಅದನ್ನೇ ಒಂದು ಗಳಿಗೆ ನೋಡಿ, ನನ್ನ ಮುಂದೆ ಚೆರ್ರಿ ಪೈ ಇಟ್ಟಳು.

"ಲೈಲ್, ನನಗೇನಾದ್ರೂ ಹೇಳೋದಿದೆಯಾ?"

"ಪೈ ಚೆನ್ನಾಗಿದೆ," ಎಂದೆ.

ಶುಕ್ರವಾರ ಕ್ಲಬ್ಬಿನ ಸಮಿತಿ ಸೇರಿತು. ಡ್ವೇನನನ್ನು ಮೆರವಣಿಗೆಯಿಂದಲೂ ಕ್ಲಬ್ಬಿನಿಂದಲೂ ತೆಗೆಯಬೇಕು ಎನ್ನುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಐದು ಕೈ ಎದ್ದವು. ಅದರಲ್ಲಿ ನನ್ನದೂ ಒಂದು.

ಶನಿವಾರ ಬೆಳಿಗ್ಗೆ, ಮೆರವಣಿಗೆಗೆ ಎರಡು ಗಂಟೆ ಮೊದಲು, ವರ್ನಾ ಎಲ್ಲರನ್ನೂ ಆರ್ಲೀನಳ ಶೆಡ್ಡಿಗೆ ಬರಹೇಳಿದಳು. ಸಮಿತಿಯವರು ಬಕೆಟ್ಟು, ಟೈರುಗಳ ಮೇಲೆ ಕೂತರು. ಡ್ವೇನ್ ಮಾತ್ರ ಹೊಸ್ತಿಲಾಚೆಯೇ ನಿಂತ.

"ಕಳ್ಳನಾಗಿದ್ರೆ ಕಾರ್ಬ್ಯುರೇಟರ್ ಬಿಡ್ತಿರ್ಲಿಲ್ಲ," ಎಂದು ವರ್ನಾ ಶುರುಮಾಡಿದಳು. "ಕಳ್ಳ ಅರ ಹಿಡಿದು ಉಜ್ಜಲ್ಲ, ಬಣ್ಣ ಹಚ್ಚಲ್ಲ. ಇದು ಕದ್ದವನ ಕೆಲಸ ಅಲ್ಲ, ಒಪ್ಪ ಮಾಡಿದವನ ಕೆಲಸ. ಕಾರ್ಖಾನೆ ಪುಸ್ತಕದಲ್ಲಿ ಇಲ್ಲದ್ದೆಲ್ಲ ಕಸ ಅನ್ನೋ ಜನ ನಾವು. ನಮ್ಮವರೇ ಮಾಡೋ ತಪ್ಪು ಇದು."

"ಡ್ವೇನೂ ನಮ್ಮವನೇ ಅಲ್ವಾ?" ಎಂದರು ಯಾರೋ.

"ಎಂಜಿನ್ನಿನ ಮುಚ್ಚಳ ನೋಡಿ. ಡ್ವೇನ್ ಹಾಕಿದ್ದು. ಡ್ರಿಲ್ ಮಷಿನ್ನಲ್ಲಿ ತಿರುಗಿಸಿ ನಾಲ್ಕೂ ಸ್ಕ್ರೂ ತಲೆಯ ಗೀರು ಸವೆಸಿಬಿಟ್ಟಿದಾನೆ. ಈಗ ಲಿವರ್ ನೋಡಿ. ಕೈಯಲ್ಲೇ ತಿರುಗಿಸಿದ್ದು. ಎರಡು ಗೀರೂ ನೆಟ್ಟಗೆ. ಬಿಗಿ ಆದ್ಮೇಲೂ ಗೀರು ನೆಟ್ಟಗೆ ನಿಲ್ಲೋ ತನಕ ಬಿಡದವನು ಊರಲ್ಲಿ ಎಷ್ಟು ಜನ? ಅನುಮಾನ ಇತ್ತು. ಗುರುವಾರ ನಮ್ಮ ಅಡುಗೆಮನೆ ಸ್ವಿಚ್ಚಿಗೆ ಒಬ್ಬನ ಕೈಲಿ ಮುಚ್ಚಳ ಹಾಕಿಸ್ದೆ. ಅಲ್ಲೂ ನೆಟ್ಟಗೆ."

ಅವಳು ನನ್ನ ಕಡೆ ನೋಡಲಿಲ್ಲ. "ಮಿಕ್ಕಿದ್ದು ಅವನೇ ಹೇಳ್ಲಿ. ಎರಡು ದಿನದಿಂದ ಕಾಯ್ತಿದೀನಿ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಎದ್ದು ನಿಂತೆ.

"ನಾನೇ. ಮಂಗಳವಾರ ಸಂಜೆ ಬಂದಿದ್ದೆ. ಗಾಡಿ ಹೊಸದ್ರಲ್ಲಿ ಹೇಗಿತ್ತೋ ಹಾಗೇ ಮಾಡಿ, ಆರ್ಲೀನ್, ನಿನಗೆ ಖುಷಿ ಕೊಡೋಣ ಅಂತಿದ್ದೆ. ಆ ಹಿಡಿ ಮೈಲೋನ ಕೈ ಇದ್ದ ಹಾಗೆ ಅಂತ ಹೊಳೀಲೇ ಇಲ್ಲ. ನೀನು ಅತ್ತಾಗ ಬಾಯಿ ಕಟ್ಟಿಹೋಯ್ತು. ಆಮೇಲೆ ದಿನಾ ಹೇಳೋದು ಇನ್ನೂ ಕಷ್ಟ ಆಯ್ತು."

"ಕೈ ಎತ್ತೋಕೆ ಮಾತ್ರ ಕಷ್ಟ ಆಗ್ಲಿಲ್ಲ," ಎಂದ ಡ್ವೇನ್ ಹೊಸ್ತಿಲಿಂದ.

ಟ್ರಕ್ಕಿನ ಪೆಟ್ಟಿಗೆಯಿಂದ ಬಟ್ಟೆ ಸುತ್ತಿದ ಹಿಡಿಯನ್ನು ತಂದೆ. ಗುಜರಿ ಡಬ್ಬಕ್ಕೆ ಎಸೆದಿದ್ದೆ. ಬುಧವಾರವೇ ಹೆಕ್ಕಿ ಬಚ್ಚಿಟ್ಟಿದ್ದೆ. ಆರ್ಲೀನ್ ಅದನ್ನು ತೆಗೆದುಕೊಂಡಳು. ಹೊಸ್ತಿಲ ಬಳಿ ಹೋಗಿ, "ಒಳಗೆ ಬಾರೋ. ತಪ್ಪಾಯ್ತು ನನ್ನಿಂದ," ಎಂದಳು. ಡ್ವೇನ್ ಟೋಪಿಯಿಂದ ಮೂಗು ಒರೆಸಿಕೊಂಡು, "ಬಿಡಿ ಅತ್ತೆ," ಎಂದ.

"ಆರ್ಲೀನ್, ಈಗ್ಲೇ ವೆಲ್ಡ್ ಮಾಡ್ಕೊಡ್ತೀನಿ," ಎಂದೆ. "ಕೊಯ್ದಿದ್ದು ಅಂತ ಯಾರಿಗೂ ಗೊತ್ತಾಗ್ಬಾರ್ದು, ಹಂಗೆ ಮಾಡ್ತೀನಿ."

ಆಗ ನನ್ನ ಕಡೆ ತಿರುಗಿದಳು. "ಅದಕ್ಕೇ ಬೇಡ. ನೀನು ಮಾಡಿದ್ರೆ ಗುರುತೇ ಉಳಿಯಲ್ಲ. ನನಗೆ ಕಾಣ್ಬೇಕು. ಡ್ವೇನ್, ನೀನು ಹಾಕೋ."

ಡ್ವೇನ್ ಹಾಕಿದ. ಲಿವರಿನ ಕುತ್ತಿಗೆಯಲ್ಲಿ ದಪ್ಪನೆಯ ಗಂಟೊಂದು ಬಿತ್ತು. ನನ್ನ ಕೈ ಅರಕ್ಕಾಗಿ ತುರಿಸಿತು, ಜೇಬಿನಲ್ಲೇ ಇಟ್ಟುಕೊಂಡೆ. ಆರಿದ ಮೇಲೆ ಆರ್ಲೀನ್ ಗಾಡಿ ಹತ್ತಿ ಮೆರವಣಿಗೆಗೆ ಹೊರಟಳು. ಶುಕ್ರವಾರದ ತೀರ್ಮಾನವನ್ನು ಸಮಿತಿಯವರು ಅಲ್ಲೇ ಕೈಬಿಟ್ಟಿದ್ದರು; ಡ್ವೇನ್ ತನ್ನ ಗಾಡಿಯಲ್ಲಿ ಹಿಂದೆಯೇ ಹೋದ.

ಪ್ರತಿ ಸೆಪ್ಟೆಂಬರಿನಲ್ಲೂ ಹೊಸಬರು ಯಾರಾದರೂ ಆ ಗಂಟು ನೋಡಿ ಕೇಳುತ್ತಾರೆ, ಇಷ್ಟು ಚೆನ್ನಾಗಿರೋ ಗಾಡಿಗೆ ಇದೇನಮ್ಮ ಇದು ಅಂತ.

"ಅದಾ?" ಎನ್ನುತ್ತಾಳೆ ಆರ್ಲೀನ್. "ಅಲ್ಲಿ ನಿಂತಿದಾನಲ್ಲ ಲೈಲ್, ಅವನನ್ನ ಕೇಳಿ."

ಅವರು ಬಂದು ಕೇಳುತ್ತಾರೆ. ನಾನು ಹೇಳುತ್ತೇನೆ.